ಮರಿ ಒಂಟಿಯಾಗಿ ಕೂತಿದೆ, ಅಪ್ಪ ಅಮ್ಮ ಎಲ್ಲಿ? ಕಡಲಹಕ್ಕಿಗಳ ಲೈವ್ ಕ್ಯಾಮೆರಾ ನೋಡುವವರ ಚರ್ಚೆ

ಕಿಟಕಿಪಕ್ಕ:
ಎಲ್ಲರಿಗೂ ನಮಸ್ಕಾರ. ಈ ಲೈವ್ ಕ್ಯಾಮೆರಾಗಳಿಗೆ ನಾನು ಹೊಸಬಳು. ನ್ಯೂಜಿಲೆಂಡಿನ ತಾಯರೋವಾ ಹೆಡ್‌ನಲ್ಲಿರುವ ರಾಯಲ್ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಯ ಗೂಡನ್ನು ನೋಡುತ್ತಿದ್ದೇನೆ. ಇಷ್ಟು ದಿನ ಅಪ್ಪನೋ ಅಮ್ಮನೋ, ಯಾರಾದರೂ ಒಬ್ಬರು ಮರಿಯನ್ನು ಹೊಟ್ಟೆಯಡಿ ಇಟ್ಟುಕೊಂಡು ಕೂತಿರುತ್ತಿದ್ದರು. ಈಗ ಯಾರೂ ಇಲ್ಲ. ಜೋರು ಗಾಳಿ, ಮಳೆ, ಮರಿ ಒಂದೇ ತಲೆ ತಗ್ಗಿಸಿಕೊಂಡು ಕೂತಿದೆ. ಹಿಂದಕ್ಕೆ ಓಡಿಸಿ ನೋಡಿದೆ, ನಿನ್ನೆಯಿಂದಲೂ ಯಾರೂ ಬಂದ ಹಾಗಿಲ್ಲ. ಚಾಟ್‌ನಲ್ಲಿ ಎಲ್ಲರೂ ಹವಾಮಾನದ ಬಗ್ಗೆ ಹರಟೆ ಹೊಡೆಯುತ್ತಿದ್ದಾರೆ, ಒಬ್ಬರಿಗೂ ಗಾಬರಿಯಿಲ್ಲ. ಯಾರಿಗಾದರೂ ತಿಳಿಸಬೇಕೇ? ಹೇಗೆ?

ಉಪ್ಪುಗಾಳಿ:
ಗಾಬರಿ ಬೇಡ, ಎಲ್ಲ ಸರಿಯಾಗಿಯೇ ನಡೆಯುತ್ತಿದೆ. ಮೊಟ್ಟೆಯೊಡೆದು ಐದಾರು ವಾರ ತಂದೆ ತಾಯಿ ಸರದಿಯಲ್ಲಿ ಮರಿಯನ್ನು ಕಾಯುತ್ತವೆ. ಆಮೇಲೆ ಮರಿ ತನ್ನ ಮೈಬಿಸಿಯನ್ನು ತಾನೇ ಕಾಪಾಡಿಕೊಳ್ಳುವಷ್ಟು ಬೆಳೆದಿರುತ್ತದೆ, ಇಬ್ಬರೂ ಕಡಲಿಗೆ ಹೊರಡುತ್ತಾರೆ. ಹೋಗದೆ ವಿಧಿಯಿಲ್ಲ. ಇಷ್ಟು ದೊಡ್ಡ ಮರಿಯ ಹೊಟ್ಟೆ ತುಂಬಿಸಲು ಒಬ್ಬರ ಬೇಟೆ ಸಾಲುವುದಿಲ್ಲ. ಒಂದು ಹಂತದಲ್ಲಿ ಮರಿ ತಂದೆ ತಾಯಿಗಿಂತ ಹೆಚ್ಚು ತೂಗುತ್ತದೆ, ರೆಕ್ಕೆ ಬಲಿಯುವ ಹೊತ್ತಿಗೆ ಇಳಿದು ಹದಕ್ಕೆ ಬರುತ್ತದೆ.

ನೀವು ನೋಡುತ್ತಿರುವುದು ಬಹಳ ನಿಧಾನದ ಸಂಸಾರ. ಎರಡು ವರ್ಷಕ್ಕೊಂದು ಮೊಟ್ಟೆ. ಎಂಬತ್ತು ದಿನದ ಆಸುಪಾಸು ಕಾವು. ಮರಿ ಹಾರಿಹೋಗಲು ಮತ್ತೆ ಸುಮಾರು ಎಂಟು ತಿಂಗಳು. ಅದರಲ್ಲಿ ಹೆಚ್ಚಿನ ಕಾಲ ಗೂಡಿನ ಹತ್ತಿರ ಮರಿ ಬಿಟ್ಟರೆ ಇನ್ಯಾರೂ ಇರುವುದಿಲ್ಲ. ಎರಡು ಮೂರು ದಿನಕ್ಕೊಮ್ಮೆ, ಕೆಲವೊಮ್ಮೆ ಇನ್ನೂ ತಡವಾಗಿ, ಒಬ್ಬರು ಬಂದಿಳಿದು ಕೊಕ್ಕಿಗೆ ಕೊಕ್ಕು ಕೊಟ್ಟು ಗುಟುಕು ಸುರಿದು ಹೊರಟುಬಿಡುತ್ತಾರೆ. ಎಣ್ಣೆಯಂಥ ಗಟ್ಟಿ ಆಹಾರ ಅದು, ಮರಿಗೆ ದಿನಗಟ್ಟಲೆ ಸಾಕು. ಮಳೆಯ ಬಗ್ಗೆಯೂ ಚಿಂತೆ ಬೇಡ. ಈ ಹಕ್ಕಿಗಳಿಗೆ ಶತ್ರು ಚಳಿಯಲ್ಲ, ಗಾಳಿಯಿಲ್ಲದ ಸೆಕೆ.

ಇನ್ನು ತಿಳಿಸುವುದು. ಆ ನೆಲೆಯನ್ನು ಅಲ್ಲಿನ ಸಂರಕ್ಷಣಾ ಇಲಾಖೆಯ ರೇಂಜರುಗಳು ನೋಡಿಕೊಳ್ಳುತ್ತಾರೆ, ಮರಿಗಳನ್ನು ತಪ್ಪದೆ ತೂಗುತ್ತಾರೆ. ನಾವು ಪರದೆಯಲ್ಲಿ ಕಾಣುವುದಕ್ಕಿಂತ ಹೆಚ್ಚು ಅವರಿಗೆ ಗೊತ್ತಿರುತ್ತದೆ.

ಅರೆನಿದ್ದೆ:
ಈ ಕ್ಯಾಮೆರಾದ ನಿಯಮ ಒಂದೇ. ನೀವು ಎದ್ದು ನೀರು ಕುಡಿಯಲು ಹೋದಾಗಲೇ ಅಮ್ಮ ಬಂದು ಹೋಗಿರುತ್ತಾಳೆ. ಸೈನ್ಸ್ ಗೊತ್ತಿಲ್ಲ, ಅನುಭವ ಅಷ್ಟೇ 😄

ಕಿಟಕಿಪಕ್ಕ ಅವರೇ, ಬೇಜಾರಾದರೆ 2021ರಲ್ಲಿ ಇದೇ ಕ್ಯಾಮೆರಾದ ಮುಂದೆ ಒಂದು ಆಲ್ಬಟ್ರಾಸ್ ಇಳಿಯಲು ಹೋಗಿ ಮುಗ್ಗರಿಸಿ ಮೂತಿ ನೆಲಕ್ಕೆ ಬಡಿದುಕೊಂಡದ್ದನ್ನು ಹುಡುಕಿ ನೋಡಿ. ಮೂರು ಮೀಟರ್ ರೆಕ್ಕೆಯ ಕಡಲರಾಜ! ನೆಲ ಅದರ ಜಾಗವೇ ಅಲ್ಲ ಅಂತ ಆವತ್ತು ಅರ್ಥವಾಯಿತು.

ಅಡ್ಡಪ್ರಶ್ನೆ:
ಸ್ವಲ್ಪ ಕಹಿ ಮಾತು, ಕ್ಷಮಿಸಿ. ಒಂದು ಮರಿ ದಿನವಿಡೀ ಸುಮ್ಮನೆ ಕೂತಿರುವುದನ್ನು ಜಗತ್ತಿನ ಸಾವಿರಾರು ಜನ ದಿನವಿಡೀ ಸುಮ್ಮನೆ ಕೂತು ನೋಡುತ್ತಾರೆ. ಇದರಿಂದ ಹಕ್ಕಿಗೇನು ಲಾಭ? ಇನ್ನೊಂದು, ಆ ರೇಂಜರುಗಳು ಮರಿಗೆ ನೊಣದ ಔಷಧಿ ಹೊಡೆಯುತ್ತಾರೆ, ಬಿಸಿಲು ಹೆಚ್ಚಾದರೆ ನೀರು ಸಿಂಪಡಿಸುತ್ತಾರೆ. ಇದನ್ನು "ವನ್ಯಜೀವಿ ಕ್ಯಾಮೆರಾ" ಅಂತ ಕರೆಯುವುದು ಹೇಗೆ? ಬೇಲಿಯಿಲ್ಲದ ಮೃಗಾಲಯ ಅನ್ನಿ.

ಉಪ್ಪುಗಾಳಿ:
ಪ್ರಶ್ನೆ ನ್ಯಾಯವಾದದ್ದೇ. ನೀವು ಹೇಳಿದ್ದಷ್ಟೇ ಅಲ್ಲ, ಇನ್ನೂ ಇದೆ. ಮೊಟ್ಟೆ ಒಡೆಯುವ ಹೊತ್ತಿಗೆ ಅದನ್ನೇ ಎತ್ತಿಕೊಂಡು ಹೋಗಿ ಇನ್‌ಕ್ಯುಬೇಟರಿನಲ್ಲಿಟ್ಟು, ಗೂಡಿನಲ್ಲಿ ನಕಲಿ ಮೊಟ್ಟೆ ಇಡುತ್ತಾರೆ. ತಂದೆ ತಾಯಿ ಅದಕ್ಕೇ ಕಾವು ಕೊಡುತ್ತಾ ಕೂತಿರುತ್ತವೆ. ಮರಿ ಹೊರಬಂದ ಮೇಲೆ ತಂದು ಹೊಟ್ಟೆಯಡಿ ಸೇರಿಸುತ್ತಾರೆ. ಒಡೆಯುತ್ತಿರುವ ಮೊಟ್ಟೆಯ ಹಸಿ ವಾಸನೆಗೆ ನೊಣ ಬಂದು ಮೊಟ್ಟೆಯಿಟ್ಟರೆ ಮರಿಯ ಕತೆ ಮುಗಿದ ಹಾಗೆ, ಅದಕ್ಕಾಗಿ ಈ ಏರ್ಪಾಡು. ಅಪ್ಪ ಅಮ್ಮರಲ್ಲಿ ಒಬ್ಬರು ಕಡಲಿನಿಂದ ಮರಳದಿದ್ದರೆ ಮರಿಗೆ ಹೆಚ್ಚುವರಿ ಆಹಾರ ಕೂಡ ಕೊಡುತ್ತಾರೆ.

ಆದರೆ ಆ ನೆಲೆಯ ಹುಟ್ಟೇ ಹಾಗೆ. ಅಲ್ಲಿ 1920ರಲ್ಲಿ ಮೊದಲ ಮೊಟ್ಟೆ ಕಂಡದ್ದು. ಅದಾದ ಮೇಲೂ ವರ್ಷವರ್ಷ ಮೊಟ್ಟೆಗಳನ್ನು ಜನ ಒಯ್ದರು, ನಾಯಿಗಳು ಹಾಳು ಮಾಡಿದವು. ಲ್ಯಾನ್ಸ್ ರಿಚ್‌ಡೇಲ್ ಎಂಬ ಮೇಷ್ಟ್ರು ಹಟ ಹಿಡಿದು ಕಾವಲು ಕೂತ ಮೇಲೆ 1938ರಲ್ಲಿ ಮೊದಲ ಮರಿ ಹಾರಿತು. ಅವರು 1937ರಲ್ಲಿ ಕಾಲಿಗೆ ಉಂಗುರ ಹಾಕಿದ ಒಂದು ಹೆಣ್ಣು, ಎಲ್ಲರ ಬಾಯಲ್ಲಿ "ಗ್ರ್ಯಾಂಡ್‌ಮಾ", 1989ರವರೆಗೂ ಅಲ್ಲಿಗೆ ಬರುತ್ತಿತ್ತು. ಉಂಗುರ ಹಾಕುವಾಗಲೇ ಅದು ಬೆಳೆದ ಹಕ್ಕಿ, ಲೆಕ್ಕ ಹಾಕಿಕೊಳ್ಳಿ. ಮನುಷ್ಯ ಕೈಹಾಕದೆ ಇದ್ದಿದ್ದರೆ ಅಲ್ಲಿ ನೋಡಲು ಗೂಡೇ ಇರುತ್ತಿರಲಿಲ್ಲ.

ಬಿಲದೊಳಗೆ:
ನಾನು ಬಿಲದಲ್ಲಿ ಗೂಡು ಮಾಡುವ ಕಡಲಹಕ್ಕಿಗಳ ಕಡೆಯವನು. ಅಟ್ಲಾಂಟಿಕ್ ಕಡಲಿನ ಬರ್ಮುಡಾ ದ್ವೀಪಗಳ ಕಹೌ ಪೆಟ್ರೆಲ್ ಹಕ್ಕಿಯ ಕ್ಯಾಮೆರಾ ನೋಡಿದವರು ಯಾರಾದರೂ ಇದ್ದೀರಾ? ಅಡ್ಡಪ್ರಶ್ನೆ ಅವರಿಗೆ ಅದನ್ನು ತೋರಿಸಬೇಕು, ಏಕೆಂದರೆ ಅಲ್ಲಿ ಬಿಲವೇ ಮನುಷ್ಯ ಕಟ್ಟಿದ್ದು.

1620ರ ದಶಕದಿಂದ ಸುಮಾರು ಮುನ್ನೂರು ವರ್ಷ ಈ ಹಕ್ಕಿ ಅಳಿದೇಹೋಗಿದೆ ಎಂದು ಎಲ್ಲರೂ ನಂಬಿದ್ದರು. 1951ರಲ್ಲಿ ಕಡಲಿನ ನಡುವಿನ ಬಂಡೆ ದಿಬ್ಬಗಳಲ್ಲಿ ಕೆಲವು ಗೂಡುಗಳು ಸಿಕ್ಕವು. ಆ ಹುಡುಕಾಟದ ತಂಡದಲ್ಲಿ ಹದಿನೈದು ವರ್ಷದ ಒಬ್ಬ ಹುಡುಗನಿದ್ದ, ಡೇವಿಡ್ ವಿಂಗೇಟ್. ಆಮೇಲೆ ತನ್ನ ಬದುಕನ್ನೇ ಅದಕ್ಕೆ ಕೊಟ್ಟ. 1960ರ ದಶಕದ ಆರಂಭದಲ್ಲಿ ಉಳಿದಿದ್ದದ್ದು ಹದಿನೆಂಟು ಜೋಡಿ. ಟ್ರಾಪಿಕ್‌ಬರ್ಡ್ ಎಂಬ ದೊಡ್ಡ ಹಕ್ಕಿ ಬಿಲಕ್ಕೆ ನುಗ್ಗಿ ಮರಿಯನ್ನು ಕೊಲ್ಲುತ್ತಿತ್ತು. ಅದಕ್ಕೆ ಬಿಲದ ಬಾಯಿಗೆ ಕಹೌ ಮಾತ್ರ ತೂರುವಷ್ಟು ಕಿಂಡಿಯಿರುವ ಹಲಗೆ ಬಡಿದರು. ಚಂಡಮಾರುತಕ್ಕೆ ತಗ್ಗಿನ ದಿಬ್ಬಗಳು ಮುಳುಗತೊಡಗಿದಾಗ ನಾನ್‌ಸಚ್ ದ್ವೀಪದ ಎತ್ತರದಲ್ಲಿ ಸಿಮೆಂಟಿನ ಬಿಲ ಕಟ್ಟಿ, 2004ರಿಂದ ಮರಿಗಳನ್ನು ಅಲ್ಲಿಗೆ ಒಯ್ದು ಸಾಕಿದರು. ಮರಿ ತಾನು ಹಾರಿದ ಜಾಗಕ್ಕೇ ಮರಳುತ್ತದೆ ಎಂಬ ನಂಬಿಕೆಯೊಂದೇ ಬಂಡವಾಳ. 2009ರಲ್ಲಿ ಅಲ್ಲಿ ಮೊದಲ ಮೊಟ್ಟೆ ಬಿತ್ತು.

ಕಿಟಕಿಪಕ್ಕ ಅವರೇ, ಒಂಟಿ ಮರಿ ಅಂದರೆ ಇದು. ಹುಟ್ಟಿ ಒಂದೆರಡು ದಿನಕ್ಕೇ ಹಗಲೆಲ್ಲಾ ಕತ್ತಲ ಬಿಲದಲ್ಲಿ ಒಂದೇ ಇರುತ್ತದೆ. ಅಪ್ಪ ಅಮ್ಮ ಬರುವುದು ರಾತ್ರಿ ಮಾತ್ರ. ಎಷ್ಟೋ ಹೊತ್ತು ಪರದೆಯಲ್ಲಿ ಒಂದು ಬೂದು ಉಂಡೆ ಉಸಿರಾಡುವುದಷ್ಟೇ ಕಾಣುತ್ತದೆ.

ಅರೆನಿದ್ದೆ:
ಮತ್ತೆ ಅದನ್ನೂ ನಾವು ನೋಡುತ್ತೇವೆ 🙏

ಅಡ್ಡಪ್ರಶ್ನೆ:
ಬರ್ಮುಡಾದ್ದು ಒಪ್ಪಿದೆ. ಅಳಿವಿನ ಅಂಚಿನ ಹಕ್ಕಿಗೆ ಕೈಹಾಕದಿದ್ದರೆ ಅದು ಬೇಜವಾಬ್ದಾರಿ. ಆದರೆ ಎಲ್ಲ ಕ್ಯಾಮೆರಾಗಳೂ ಹಾಗಿಲ್ಲವಲ್ಲ? ಕೆಲವು ಕಡೆ ಮರಿ ಕಣ್ಣೆದುರೇ ಸಾಯುತ್ತಿದ್ದರೂ "ನಾವು ಮಧ್ಯೆ ಬರುವುದಿಲ್ಲ" ಅನ್ನುತ್ತಾರೆ. ಇಲ್ಲಿ ಔಷಧಿ, ಅಲ್ಲಿ ಉಪದೇಶ. ನಿಯಮ ಯಾವುದು?

ಬಿಲದೊಳಗೆ:
ನೀವು ಹೇಳುತ್ತಿರುವುದು ಪೀಟಿಯ ಕತೆ ಅನ್ನಿಸುತ್ತದೆ. ಗೊತ್ತಿಲ್ಲದವರಿಗಾಗಿ ಬರೆಯುತ್ತೇನೆ.

ಅಮೆರಿಕದ ಮೇನ್ ಕರಾವಳಿಯಾಚೆ ಸೀಲ್ ಐಲ್ಯಾಂಡ್ ಎಂಬ ದ್ವೀಪ. ಅಲ್ಲಿನ ಪಫಿನ್ ಎಂಬ ಬಿಲದ ಕಡಲಹಕ್ಕಿಗಳನ್ನು ಬೇಟೆಯಾಡಿ ಮುಗಿಸಿದ್ದರು. ಸ್ಟೀಫನ್ ಕ್ರೆಸ್ ಎಂಬವರು 1973ರಲ್ಲಿ ಅದೇ ಕರಾವಳಿಯ ಇನ್ನೊಂದು ದ್ವೀಪದಲ್ಲಿ, 1984ರಲ್ಲಿ ಇಲ್ಲಿ, ಕೆನಡಾದ ನ್ಯೂಫೌಂಡ್‌ಲ್ಯಾಂಡಿನಿಂದ ಮರಿಗಳನ್ನು ತಂದು ಬಿಲದಲ್ಲಿಟ್ಟು ಮೀನು ತಿನ್ನಿಸಿ ಬೆಳೆಸಿದರು. ಬಂಡೆಯ ಮೇಲೆ ಮರದ ಪಫಿನ್ ಗೊಂಬೆಗಳನ್ನು ನಿಲ್ಲಿಸಿ, ಕಡಲಿಗೆ ಹೋದ ಮರಿಗಳು "ಇಲ್ಲಿ ನಮ್ಮವರಿದ್ದಾರೆ" ಅಂದುಕೊಂಡು ಮರಳಲಿ ಎಂದು ಕಾದರು. ಮರಳಿದವು. 2012ರಲ್ಲಿ ಒಂದು ಬಿಲದೊಳಗೆ ಲೈವ್ ಕ್ಯಾಮೆರಾ ಇಟ್ಟರು. ಆ ಮರಿಯೇ ಪೀಟಿ.

ಆ ಬೇಸಿಗೆ ಅಲ್ಲಿನ ಕಡಲು ಎಂದಿಲ್ಲದಷ್ಟು ಬೆಚ್ಚಗಾಗಿತ್ತು. ಪಫಿನ್ ಮರಿಗೆ ಒಗ್ಗುವ ಸಣ್ಣ, ಉದ್ದನೆಯ ಮೀನುಗಳು, ಹೆರಿಂಗ್ ಮತ್ತು ಹೇಕ್, ಸಿಗದಾದವು. ಅವುಗಳ ಜಾಗಕ್ಕೆ ಬಟರ್‌ಫಿಶ್ ಬಂತು. ಅದು ಅಗಲ ಮೀನು. ತಂದೆ ತಾಯಿ ಪಾಪ ಸಿಕ್ಕಿದ್ದನ್ನು ತಂದು ತಂದು ಮರಿಯ ಮುಂದಿಟ್ಟವು. ಮರಿಯ ಗಂಟಲಿಗೆ ಅದು ಇಳಿಯಲಿಲ್ಲ. ಬಿಲದ ತುಂಬ ಮೀನು, ನಡುವೆ ಹಸಿದ ಮರಿ. ಜನ ನೋಡುತ್ತಿದ್ದ ಹಾಗೆಯೇ ಸತ್ತುಹೋಯಿತು.

ಈಗ ನಿಮ್ಮ ಪ್ರಶ್ನೆ. ಒಂದು ಬಿಲಕ್ಕೆ ಕೈಹಾಕಿ ಸಣ್ಣ ಮೀನು ಕೊಡಬಹುದಿತ್ತು, ಹೌದು. ಆದರೆ ಅದೇ ದ್ವೀಪದಲ್ಲಿ ಕ್ಯಾಮೆರಾ ಇಲ್ಲದ ಬಿಲಗಳಲ್ಲೂ ಮರಿಗಳು ಹೀಗೇ ಹಸಿದಿದ್ದವು. ಕ್ಯಾಮೆರಾ ಇದ್ದ ಒಂದೇ ಕಾರಣಕ್ಕೆ ಪೀಟಿಯನ್ನು ಉಳಿಸಿದ್ದರೆ ನೋಡುತ್ತಿದ್ದ ನಮಗೆ ಸಮಾಧಾನವಾಗುತ್ತಿತ್ತು, ಕಡಲಿನಲ್ಲಿ ಏನಾಗಿದೆ ಎಂಬುದು ಮರೆಯಾಗುತ್ತಿತ್ತು. ಈ ಕ್ಯಾಮೆರಾಗಳು ಗೂಡನ್ನು ತೋರಿಸುತ್ತವೆ ಅಂತ ನಾವು ಅಂದುಕೊಳ್ಳುತ್ತೇವೆ. ಕೊಕ್ಕಿನಲ್ಲಿ ಏನು ಬರುತ್ತಿದೆ, ಎಷ್ಟು ಹೊತ್ತಿಗೆ ಬರುತ್ತಿದೆ ಅಂತ ನೋಡಲು ಕಲಿತರೆ ಅವು ತೋರಿಸುವುದು ಕಡಲನ್ನು. ನಾನು ಇವನ್ನು ನೋಡುವುದೇ ಅದಕ್ಕೆ.

ಅಡ್ಡಪ್ರಶ್ನೆ:
ಹಾಗಿದ್ದರೆ ಹೆಸರಿಡುವುದೇಕೆ? ಸಾಯಲು ಬಿಡುವ ಮರಿಗೆ ಪೀಟಿ ಅಂತ ಮುದ್ದಿನ ಹೆಸರು! ಅಂಕಿ ಕೊಟ್ಟು ಸುಮ್ಮನಿರಲಿ.

ಕಿಟಕಿಪಕ್ಕ:
ಹೆಸರಿಲ್ಲದಿದ್ದರೆ ನಾನು ಇಲ್ಲಿ ಬಂದು ಕೇಳುತ್ತಲೇ ಇರಲಿಲ್ಲವೇನೋ...

ಅಂದಹಾಗೆ, ಬಂತು!! ಇಬ್ಬರಲ್ಲಿ ಒಬ್ಬರು ಬಂದರು. ಮರಿ ಕೊಕ್ಕಿನ ಬುಡಕ್ಕೆ ತಟ್ಟಿ ತಟ್ಟಿ ಕೇಳಿತು. ಗುಟುಕು ಕೊಟ್ಟು, ಸ್ವಲ್ಪ ಹೊತ್ತು ಅದರ ಕತ್ತಿನ ತುಪ್ಪಳ ಸವರಿ, ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಓಡಿ ಗಾಳಿಗೆ ಬಿದ್ದು ಹೋಗಿಯೇಬಿಟ್ಟರು. ಇಷ್ಟೇನಾ ಅನ್ನಿಸಿತು, ಆದರೂ ನಿದ್ದೆ ಬಂತು.

ಬಂಡೆಯಂಚು:
ತಡವಾಗಿ ಸೇರಿಕೊಳ್ಳುತ್ತಿದ್ದೇನೆ. "ಇದರಿಂದ ಹಕ್ಕಿಗೇನು ಲಾಭ" ಎಂಬ ಮೊದಲ ಪ್ರಶ್ನೆಗೆ ಯಾರೂ ಪೂರ್ತಿ ಉತ್ತರ ಕೊಡಲಿಲ್ಲ.

ಬಾಲ್ಟಿಕ್ ಕಡಲಿನಲ್ಲಿ ಸ್ವೀಡನ್ನಿನ ಸ್ಟೋರಾ ಕಾರ್ಲ್‌ಸೋ ದ್ವೀಪವಿದೆ. ಅಲ್ಲಿ ಗಿಲ್ಲೆಮಾಟ್‌ಗಳು ಬಂಡೆಯ ಅಂಚಿನಲ್ಲಿ ಒಂದಕ್ಕೊಂದು ಮೈ ಒತ್ತಿಕೊಂಡು ಕಾವಿಗೆ ಕೂರುತ್ತವೆ. ಗೂಡಿಲ್ಲ, ಕಡ್ಡಿಯಿಲ್ಲ, ಬರೀ ಕಲ್ಲಿನ ಮೇಲೆ ಮೊಟ್ಟೆ. ಸಂಶೋಧಕರು 2008ರಲ್ಲಿ ಅಲ್ಲಿ ಒಂದು ಕೃತಕ ಬಂಡೆಗೋಡೆಯನ್ನೇ ಕಟ್ಟಿದರು, ಹಿಂದಿನಿಂದ ನಿಂತು ಹಕ್ಕಿಗಳನ್ನು ನೋಡಲು. ಕ್ಯಾಮೆರಾಗಳೂ ಇವೆ.

2020ರಲ್ಲಿ ಕೋವಿಡ್‌ನಿಂದ ಪ್ರವಾಸಿಗರು ಬರಲಿಲ್ಲ. ಜನರಿಲ್ಲದಿದ್ದರೆ ಹಕ್ಕಿಗಳಿಗೆ ನೆಮ್ಮದಿ ಅಂತ ಯಾರಾದರೂ ಹೇಳುತ್ತಾರೆ. ಆದದ್ದು ಬೇರೆ. ಜನರಿಗೆ ಹೆದರಿ ದೂರವಿರುತ್ತಿದ್ದ ಬಿಳಿಬಾಲದ ಹದ್ದುಗಳು ಲಗ್ಗೆಯಿಟ್ಟವು. ಹದ್ದು ಸುಳಿದಾಗಲೆಲ್ಲ ಇಡೀ ಸಾಲು ಗಾಬರಿಯಿಂದ ಹಾರುತ್ತಿತ್ತು. ಮೊಟ್ಟೆಗಳು ಉರುಳಿದವು, ಉಳಿದದ್ದನ್ನು ಗಲ್ ಎಂಬ ಕಡಲಹಕ್ಕಿಗಳೂ ಕಾಗೆಗಳೂ ಎತ್ತಿಕೊಂಡು ಹೋದವು. ಹದ್ದು ಹೆಚ್ಚೇನೂ ಹಿಡಿದು ತಿನ್ನಲಿಲ್ಲ, ಬಂದು ಹೋದದ್ದೇ ಸಾಕಾಯಿತು. ಆ ವರ್ಷ ಮರಿಗಳ ಸಂಖ್ಯೆ ಕಾಲುಭಾಗಕ್ಕೂ ಹೆಚ್ಚು ಇಳಿಯಿತು. ದಿನವಿಡೀ ಓಡುವ ವಿಡಿಯೋ ಇದ್ದದ್ದರಿಂದಲೇ ಹಕ್ಕಿಗಳು ಎಷ್ಟು ಸಲ, ಎಷ್ಟು ಹೊತ್ತು ಅಂಚು ಬಿಟ್ಟುಹೋದವು ಅಂತ ಅಳೆಯಲು ಸಾಧ್ಯವಾದದ್ದು. ಇಡೀ ಋತು ಒಬ್ಬ ಮನುಷ್ಯ ಕಣ್ಣು ಮಿಟುಕಿಸದೆ ಕೂರಲಾರ.

ಬಂಡೆಯಂಚು:
ಹಿಂದಿನದಕ್ಕೆ ಸೇರಿಸುವುದು ಮರೆತೆ. ಜೂನ್ ಕೊನೆಗೆ ಗಿಲ್ಲೆಮಾಟ್ ಕ್ಯಾಮೆರಾ ತಪ್ಪಿಸಬೇಡಿ. ಮೂರೇ ವಾರದ ಮರಿ, ಹಾರಲು ಬಾರದು, ಮುಸ್ಸಂಜೆಯಲ್ಲಿ ಬಂಡೆಯಂಚಿನಿಂದ ಕೆಳಕ್ಕೆ ಧುಮುಕುತ್ತದೆ. ಕೆಳಗಿನಿಂದ ಅಪ್ಪ ಕರೆಯುತ್ತಿರುತ್ತದೆ. ಇಬ್ಬರೂ ಒಬ್ಬರ ದನಿ ಇನ್ನೊಬ್ಬರು ಗುರುತಿಸಿ ಸೇರಿಕೊಂಡು ಈಜುತ್ತಾ ಹೊರಡುತ್ತಾರೆ. ಮುಂದಿನ ಒಂದೆರಡು ತಿಂಗಳು ಮರಿಯ ಪಾಲನೆ ಪೂರ್ತಿ ಅಪ್ಪನದ್ದು. ಅಮ್ಮ ಖಾಲಿ ಜಾಗದಲ್ಲೇ ಕೆಲವು ದಿನ ನಿಂತಿರುತ್ತದೆ.

ಹೊಸಕಣ್ಣು:
ಚರ್ಚೆ ಚೆನ್ನಾಗಿದೆ. ತಾಂತ್ರಿಕ ಅನುಮಾನ: ರಾತ್ರಿ ಚಿತ್ರ ಬೂದಾಗುತ್ತದೆ, ಹಕ್ಕಿಯ ಕಣ್ಣು ಮಿನುಗುತ್ತದೆ. ಅದರ ಮೇಲೆ ಲೈಟ್ ಬಿಡುತ್ತಾರಾ? ಮರಿಗೆ ತೊಂದರೆ ಇಲ್ಲವೇ?

ಬಿಲದೊಳಗೆ:
ಇನ್‌ಫ್ರಾರೆಡ್. ನಮ್ಮ ಕಣ್ಣಿಗೂ ಕಾಣದು, ಹಕ್ಕಿಗೂ ಕಾಣದು, ಕ್ಯಾಮೆರಾಗೆ ಮಾತ್ರ ಕಾಣುತ್ತದೆ. ಬಿಲದ ಹಕ್ಕಿಗೆ ಮಾಮೂಲಿ ಬೆಳಕು ಬಿಡುವ ಮಾತೇ ಇಲ್ಲ. ಪೆಟ್ರೆಲ್‌ಗಳು ಬೆಳದಿಂಗಳಿಗೂ ಹಿಂಜರಿಯುವ ಜಾತಿ.

ಅರೆನಿದ್ದೆ:
ಚಿತ್ರ ಮಬ್ಬಾದರೆ ನಿಮ್ಮ ನೆಟ್‌ವರ್ಕ್ ಬೈಯುವ ಮೊದಲು ಯೋಚಿಸಿ. ಲೆನ್ಸಿನ ಮೇಲೆ ಉಪ್ಪು ಕಟ್ಟಿರುತ್ತದೆ, ಇಲ್ಲವೇ ಯಾವುದೋ ಗಲ್ ಮೇಲೆ ಕೂತು ತನ್ನ ಕೆಲಸ ಮುಗಿಸಿರುತ್ತದೆ. ಕಡಲು ಶಾಂತವಾಗಿ ದೋಣಿ ಹೋಗುವವರೆಗೂ ಒರೆಸಲು ಯಾರೂ ಇರುವುದಿಲ್ಲ.

ಅಡ್ಡಪ್ರಶ್ನೆ:
ಬಂಡೆಯಂಚು ಅವರ ಉತ್ತರ ಸರಿ ಅನ್ನಿಸಿತು. ಆದರೆ ಅದು ಸಂಶೋಧಕರ ಕ್ಯಾಮೆರಾದ ಮಾತು. ನಮ್ಮಂಥವರು ನೋಡುವುದರಿಂದ?

ಬಂಡೆಯಂಚು:
ಕೆಲಸ ಬೇಕಿದ್ದರೆ ಇದೆ. ಜೂನಿವರ್ಸ್ ಎಂಬ ತಾಣದಲ್ಲಿ "ಪೆಂಗ್ವಿನ್ ವಾಚ್" 2014ರಿಂದಲೂ "ಸೀಬರ್ಡ್ ವಾಚ್" 2017ರಿಂದಲೂ ಇವೆ. ಅಲ್ಲಿ ನೇರಪ್ರಸಾರವಿಲ್ಲ, ಬಂಡೆಗಳ ಮೇಲಿಟ್ಟ ಕ್ಯಾಮೆರಾಗಳು ಆಗಾಗ ತೆಗೆದ ಫೋಟೋಗಳಿರುತ್ತವೆ. ಹಕ್ಕಿಯೆಷ್ಟು, ಮರಿಯೆಷ್ಟು ಅಂತ ಗುರುತು ಹಾಕುತ್ತಾ ಹೋಗುವುದು. ಸೀಬರ್ಡ್ ವಾಚ್‌ನಲ್ಲಿ ಕಿಟ್ಟಿವೇಕ್ ಎಂಬ ಗಲ್ ಜಾತಿ ಮತ್ತು ಗಿಲ್ಲೆಮಾಟ್‌ಗಳದ್ದೇ ಹೆಚ್ಚು. ಒಂದೇ ಚಿತ್ರವನ್ನು ಹಲವರು ಎಣಿಸುವುದರಿಂದ ಒಬ್ಬರ ಕಣ್ತಪ್ಪು ಇನ್ನೊಬ್ಬರಿಂದ ಸರಿಹೋಗುತ್ತದೆ. ಬೇಸರದ ಕೆಲಸವೇ, ಸುಳ್ಳು ಹೇಳುವುದಿಲ್ಲ.

ಉಪ್ಪುಗಾಳಿ:
ನೋಡಬಾರದ್ದನ್ನು ತೋರಿಸಿದ ಕ್ಯಾಮೆರಾದ ಕತೆಯೂ ಒಂದು ಇರಲಿ. ದಕ್ಷಿಣ ಅಟ್ಲಾಂಟಿಕ್‌ನ ಗಾಫ್ ದ್ವೀಪದಲ್ಲಿ ಟ್ರಿಸ್ಟನ್ ಆಲ್ಬಟ್ರಾಸ್ ಮರಿಗಳು ಕಾರಣವಿಲ್ಲದೆ ಸಾಯುತ್ತಿದ್ದವು. ರಾತ್ರಿ ಕ್ಯಾಮೆರಾ ಇಟ್ಟು ನೋಡಿದರೆ ಇಲಿಗಳು. ಹಡಗುಗಳಲ್ಲಿ ಬಂದು ಸೇರಿಕೊಂಡ ನಮ್ಮ ಮನೆಯಿಲಿಯ ಜಾತಿ. ತಮಗಿಂತ ನೂರಾರು ಪಟ್ಟು ದೊಡ್ಡ ಮರಿಯನ್ನು ಜೀವಂತ ಕಚ್ಚಿ ತಿನ್ನುತ್ತಿದ್ದವು. ಮರಿ ಓಡುವುದಿಲ್ಲ, ತಿರುಗಿ ಕಚ್ಚುವುದಿಲ್ಲ. ನೆಲದ ಶತ್ರುವೇ ಇಲ್ಲದ ದ್ವೀಪದಲ್ಲಿ ಬೆಳೆದ ಜಾತಿಗೆ ಇಲಿ ಎಂದರೇನು ಅಂತಲೇ ತಿಳಿಯದು. 2021ರಲ್ಲಿ ಹೆಲಿಕಾಪ್ಟರಿನಿಂದ ವಿಷದ ಕಾಳು ಚೆಲ್ಲಿ ಇಲಿ ನಿರ್ಮೂಲನೆಗೆ ದೊಡ್ಡ ಪ್ರಯತ್ನ ಮಾಡಿದರು. ಅದೇ ಡಿಸೆಂಬರಿನಲ್ಲಿ ಒಂದು ಇಲಿ ಮತ್ತೆ ಕಾಣಿಸಿತು. ಅದನ್ನು ತೋರಿಸಿದ್ದೂ ಕ್ಯಾಮೆರಾವೇ.

ಬಂಡೆಯಂಚು:
ಸ್ಕಾಟ್ಲೆಂಡಿನ ಬಾಸ್ ರಾಕ್ ಎಂಬ ಬಂಡೆದ್ವೀಪ ನೋಡುತ್ತಿದ್ದವರಿಗೆ 2022 ನೆನಪಿರುತ್ತದೆ. ಗ್ಯಾನೆಟ್ ಎಂಬ ಬಿಳಿ ಕಡಲಹಕ್ಕಿಗಳ ಜಗತ್ತಿನ ಅತಿ ದೊಡ್ಡ ನೆಲೆಯಾಗಿತ್ತು ಅದು, 2014ರ ಎಣಿಕೆಯಲ್ಲಿ 75 ಸಾವಿರಕ್ಕೂ ಹೆಚ್ಚು ಗೂಡು. ದೂರದಿಂದ ಬಂಡೆಯೇ ಬಿಳಿಯಾಗಿ ಕಾಣುತ್ತಿತ್ತು. ಹಕ್ಕಿಜ್ವರ ಬಂದ ಮೇಲೆ ನಡುನಡುವೆ ಕಲ್ಲು ಕಾಣತೊಡಗಿತು. 2023ರಲ್ಲಿ ಡ್ರೋನ್‌ನಿಂದ ಎಣಿಸಿದಾಗ ಸಿಕ್ಕಿದ್ದು ಸುಮಾರು 52 ಸಾವಿರ. ರೋಗದಿಂದ ಬದುಕುಳಿದ ಕೆಲವು ಗ್ಯಾನೆಟ್‌ಗಳ ತಿಳಿನೀಲಿ ಕಣ್ಣು ಕಪ್ಪಾಗಿತ್ತು. ಈಗ ಯಾವುದೇ ಗ್ಯಾನೆಟ್ ಕ್ಯಾಮೆರಾ ನೋಡಿದರೂ ನನ್ನ ನೋಟ ಮೊದಲು ಹೋಗುವುದು ಕಣ್ಣಿನ ಬಣ್ಣಕ್ಕೆ.

ಹೊಸಕಣ್ಣು:
ಇಷ್ಟೆಲ್ಲ ಓದಿದ ಮೇಲೆ ಯಾವುದರಿಂದ ಶುರು ಮಾಡಲಿ?

ಉಪ್ಪುಗಾಳಿ:
ಈಗಂತೂ ಆಲ್ಬಟ್ರಾಸ್, ಮರಿ ಹಾರಲು ಇನ್ನೂ ತಿಂಗಳುಗಳಿವೆ. ಕಹೌ ಮರಿ ಮೇ ಕೊನೆ, ಜೂನ್ ಹೊತ್ತಿಗೆ ಹೊರಡುತ್ತದೆ, ಬೇಗ ನೋಡಿ. ಗಿಲ್ಲೆಮಾಟ್, ಪಫಿನ್ ಬೇಕಿದ್ದರೆ ಜೂನ್, ಜುಲೈ. ಪಫಿನ್ ಮರಿ ಬಿಲ ಬಿಡುವುದು ರಾತ್ರಿಯಲ್ಲಿ, ಒಂದೇ. ಚಾಟ್ ಮುಚ್ಚಿಟ್ಟು ನೋಡಿ ಅನ್ನುವುದು ನನ್ನ ಸಲಹೆ, ಆದರೆ ಹಕ್ಕಿ ಬಂದ ಹೊತ್ತನ್ನು ಬರೆದಿಡುವ ಪುಣ್ಯಾತ್ಮರು ಅಲ್ಲೇ ಇರುತ್ತಾರೆ ಎಂಬುದೂ ನಿಜ.

ಅಡ್ಡಪ್ರಶ್ನೆ:
ಒಂದು ಸಣ್ಣ ಪ್ರಶ್ನೆ. ಆಲ್ಬಟ್ರಾಸ್ ಕ್ಯಾಮೆರಾದಲ್ಲಿ ಮೂರು ಹಕ್ಕಿ ಒಟ್ಟಿಗೆ ಬಂದಿಳಿದು, ರೆಕ್ಕೆ ಅಗಲಿಸಿ, ತಲೆ ಆಕಾಶಕ್ಕೆತ್ತಿ ಕೂಗುತ್ತಿವೆ. ಮರಿ ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ಇದರಲ್ಲಿ ಅಪ್ಪ ಅಮ್ಮ ಯಾರು?

ಉಪ್ಪುಗಾಳಿ:
ಬಹುಶಃ ಯಾರೂ ಅಲ್ಲ, ಹರೆಯದವು. ಹಾರಿಹೋದ ಮರಿ ನಾಲ್ಕೈದು ವರ್ಷ ನೆಲ ಮುಟ್ಟದೆ ಕಡಲಿನಲ್ಲೇ ಇದ್ದು, ಆಮೇಲೆ ಹುಟ್ಟಿದ ಜಾಗಕ್ಕೆ ಬಂದು ಹೀಗೆ ಸಂಗಾತಿ ಹುಡುಕುತ್ತಾ ಕೆಲವು ವರ್ಷ ಕಳೆಯುತ್ತದೆ. ಖಚಿತ ಮಾಡಿಕೊಳ್ಳಲು ಕಾಲು ನೋಡಿ. ಬಣ್ಣದ ಉಂಗುರಗಳಿರುತ್ತವೆ, ಆ ಬಣ್ಣಗಳ ಇಂಗ್ಲಿಷ್ ಮೊದಲಕ್ಷರವೇ ಹಕ್ಕಿಯ ಹೆಸರು. ಹಳದಿ, ಕೆಂಪು, ಕಪ್ಪು ಇದ್ದರೆ ವೈಆರ್‌ಕೆ. ಕಪ್ಪಿಗೆ ಕೆ, ಏಕೆಂದರೆ ಬಿ ಅಕ್ಷರ ನೀಲಿಯದ್ದು. ಈ ಋತುವಿನ ಜೋಡಿಯ ಅಕ್ಷರಗಳು ಕ್ಯಾಮೆರಾ ಪುಟದಲ್ಲೇ ಇರುತ್ತವೆ. ಹುಲ್ಲು ಅಡ್ಡ ಬಂದರೆ ಅವು ಹಾರುವ ಮುನ್ನ ಓಡುವಾಗ ಸ್ಕ್ರೀನ್‌ಶಾಟ್ ತೆಗೆಯಿರಿ, ಆಗ ಕಾಲು ಚೆನ್ನಾಗಿ ಕಾಣುತ್ತದೆ.

ಅಡ್ಡಪ್ರಶ್ನೆ:
ಎರಡರ ಉಂಗುರ ಸಿಕ್ಕಿತು, ಪುಟದಲ್ಲಿರುವ ಜೋಡಿಯವಲ್ಲ. ಮೂರನೆಯದು ಇನ್ನೂ ಹುಲ್ಲಿನಲ್ಲೇ ಕೂತಿದೆ. ಎದ್ದ ಮೇಲೆ ಹಾಕುತ್ತೇನೆ.